ಹೊಳೆಯ ಎರಡು ದಡ ಮತ್ತು ಒಬ್ಬ ಸಂಪಾದಕ

ಹರಿಹರ ನಗರಕ್ಕೆ ಹೊಂದಿಕೊಂಡಿರುವ ಗುತ್ತೂರು ಇಂದು ದಾವಣಗೆರೆ ಜಿಲ್ಲೆಯಲ್ಲಿದೆ. ತುಂಗಭದ್ರೆಯನ್ನು ದಾಟಿದರೆ ಹಾವೇರಿ ಜಿಲ್ಲೆಯ ರಾಣೇಬೆನ್ನೂರು ತಾಲ್ಲೂಕು ಆರಂಭವಾಗುತ್ತದೆ. ಈ ಎರಡು ಜಿಲ್ಲೆಗಳೂ 1997ರಲ್ಲಿ ರೂಪುಗೊಂಡವು. ಆದರೆ 1956ಕ್ಕೆ ಮೊದಲು ಇದೇ ಹೊಳೆ ಎರಡು ಸರ್ಕಾರಗಳ ನಡುವಿನ ಗಡಿಯಾಗಿತ್ತು: ಈಚೆಗೆ ಮೈಸೂರು ಸೀಮೆಯ ಚಿತ್ರದುರ್ಗ ಜಿಲ್ಲೆ, ಆಚೆಗೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಆ ಆಚೆ ದಡದ ನೆಲದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ನೆಲೆ ನಿಂತು, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪತ್ರಿಕೆಯನ್ನೂ ಚಳವಳಿಯನ್ನೂ ಒಟ್ಟಿಗೆ ನಡೆಸಿದ ಪಾಟೀಲ ಪುಟ್ಟಪ್ಪನವರ ವೃತ್ತಿಜೀವನವನ್ನು ಕುರಿತ ಈ ಪ್ರಬಂಧವನ್ನು ಗುತ್ತೂರಿನ ಇಬ್ಬರ ಮಾತುಕತೆಯ ರೂಪದಲ್ಲಿ ಬರೆಯಲಾಗಿದೆ. ಒಬ್ಬರು ಇತಿಹಾಸ ಕಲಿಸಿ ನಿವೃತ್ತರಾದ ಮೇಷ್ಟ್ರು. ಮತ್ತೊಬ್ಬರು ದಾವಣಗೆರೆಯ ದಿನಪತ್ರಿಕೆಯೊಂದರ ತರುಣ ವರದಿಗಾರ್ತಿ.

ವರದಿಗಾರ್ತಿ: ಮೇಷ್ಟ್ರೇ, ಪುಟ್ಟಪ್ಪನವರ ಹೆಸರೆತ್ತಿದರೆ ಸಾಮಾನ್ಯ ಜನರು ಅವರನ್ನು ಕನ್ನಡ ಹೋರಾಟಗಾರರೆಂದು ನೆನೆಯುತ್ತಾರೆ, ಹಳೆಯ ಪತ್ರಕರ್ತರು 'ಪ್ರಪಂಚ' ವಾರಪತ್ರಿಕೆಯ ಸಂಪಾದಕರೆಂದು ನೆನೆಯುತ್ತಾರೆ. ವರದಿ ಮಾಡುವವರು ಘಟನೆಯಿಂದ ಹೊರಗೆ ನಿಲ್ಲಬೇಕು ಎಂದು ಪತ್ರಿಕೋದ್ಯಮದ ತರಗತಿಗಳಲ್ಲಿ ಕಲಿಸಲಾಗುತ್ತದೆ. ಹಾಗಿರುವಾಗ ಸಭೆಯ ವೇದಿಕೆಯಲ್ಲಿ ಕುಳಿತವರೇ ಆ ಸಭೆಯ ಬಗ್ಗೆ ಸಂಪಾದಕೀಯ ಬರೆದರೆ ಅದಕ್ಕೆ ಪತ್ರಿಕಾಧರ್ಮ ಎನ್ನಬಹುದೇ?

ಮೇಷ್ಟ್ರು: ಆ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಅಂಥ ಸಂಪಾದಕರನ್ನು ಹುಟ್ಟಿಸಿದ ನೆಲವನ್ನು ನೋಡಬೇಕಮ್ಮ. ಪುಟ್ಟಪ್ಪನವರು ಹಾವೇರಿ ತಾಲ್ಲೂಕಿನ ಕುರಬಗೊಂಡದಲ್ಲಿ ಹುಟ್ಟಿದವರು, ರಾಣೇಬೆನ್ನೂರು ತಾಲ್ಲೂಕಿನ ಹಲಗೇರಿಯವರು. ಅವರು ಬೆಳೆದ ಕಾಲದಲ್ಲಿ ಕನ್ನಡ ಮಾತಾಡುವ ನಾಡು ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು ಹಾಗೂ ಅನೇಕ ಸಣ್ಣಪುಟ್ಟ ಸಂಸ್ಥಾನಗಳಲ್ಲಿ ಹರಿದು ಹಂಚಿಹೋಗಿತ್ತು. ಹೊಳೆಯ ಈ ದಡದಲ್ಲಿದ್ದವರಿಗೆ ಕಚೇರಿಯಲ್ಲಿ ಕನ್ನಡವಿತ್ತು, ಶಾಲೆಯಲ್ಲಿ ಕನ್ನಡವಿತ್ತು, ಕನ್ನಡವನ್ನು ಪೋಷಿಸುವ ಅರಮನೆಯೂ ಇತ್ತು. ಆ ದಡದಲ್ಲಿ ಮರಾಠಿಯ ಮೇಲುಗೈ, ಹೈದರಾಬಾದು ಸೀಮೆಯಲ್ಲಿ ಉರ್ದುವಿನ ಮೇಲುಗೈ. 1890ರಲ್ಲಿ ರಾ.ಹ. ದೇಶಪಾಂಡೆಯವರ ನೇತೃತ್ವದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದೇ ಆ ಕೊರತೆಯಿಂದ. ಇರುವವರಿಗೆ ಕಾಣದ ಕೊರತೆ ಇಲ್ಲದವರಿಗೆ ದಿನವೂ ಕಾಣುತ್ತದೆ. ಏಕೀಕರಣದ, ಎಂದರೆ ಹಂಚಿಹೋದ ಕನ್ನಡ ಪ್ರದೇಶಗಳನ್ನು ಒಂದೇ ರಾಜ್ಯವಾಗಿ ಕೂಡಿಸುವ ಚಳವಳಿಯ ಬಿಸಿ ಆಚೆ ದಡದಲ್ಲಿ ಹೆಚ್ಚಾಗಿದ್ದು, ಈಚೆ ದಡದಲ್ಲಿ ಅನುಮಾನವೂ ಅಷ್ಟೇ ಇದ್ದುದಕ್ಕೆ ಇದೇ ಕಾರಣ.

ವರದಿಗಾರ್ತಿ: ಹಾಗೆಂದರೆ ದಾವಣಗೆರೆ, ಹರಿಹರದವರು ಏಕೀಕರಣದ ಬಗ್ಗೆ ಉದಾಸೀನರಾಗಿದ್ದರೇ?

ಮೇಷ್ಟ್ರು: ಹಾಗೆ ಹೇಳಿದರೆ ಈ ಊರುಗಳಿಗೆ ಅನ್ಯಾಯವಾಗುತ್ತದೆ. ಮೈಸೂರು ಸೀಮೆಯ ಅನೇಕ ಮುಖಂಡರಿಗೆ ಹಿಂಜರಿಕೆ ಇದ್ದದ್ದು ನಿಜ. ಸ್ಥಿತಿವಂತ ಸಂಸ್ಥಾನಕ್ಕೆ ಹಿಂದುಳಿದ ಪ್ರದೇಶಗಳ ಹೊರೆ ಬೀಳುತ್ತದೆ, ಅಧಿಕಾರದ ಸಮತೋಲ ಕೆಡುತ್ತದೆ ಎಂಬ ಭಯ ಅದಕ್ಕೆ ಕಾರಣವಾಗಿತ್ತು. ಆದರೆ ದಾವಣಗೆರೆ ಗಡಿಯೂರು, ಹತ್ತಿಯ ವ್ಯಾಪಾರದ ಊರು. ಇಲ್ಲಿಯ ವರ್ತಕರ ಲೆಕ್ಕಪುಸ್ತಕಕ್ಕೂ ರೈಲಿಗೂ ಹುಬ್ಬಳ್ಳಿ ಪರದೇಶವಾಗಿರಲಿಲ್ಲ. 1946ರಲ್ಲಿ ಅಖಿಲ ಕರ್ನಾಟಕ ಸಮ್ಮೇಳನವೊಂದು ದಾವಣಗೆರೆಯಲ್ಲಿಯೇ ಸೇರಿತು. ಅದರ ಅಧ್ಯಕ್ಷತೆ ವಹಿಸಿದವರು ಆಗ ಮುಂಬಯಿ ಸರ್ಕಾರದ ಕಂದಾಯ ಸಚಿವರಾಗಿದ್ದ ಎಂ.ಪಿ. ಪಾಟೀಲರು. ಮೈಸೂರಿನ ನೆಲದಲ್ಲಿ, ಮುಂಬಯಿ ಸರ್ಕಾರದ ಸಚಿವರ ಅಧ್ಯಕ್ಷತೆಯಲ್ಲಿ, ಇನ್ನೂ ಹುಟ್ಟದ ರಾಜ್ಯಕ್ಕಾಗಿ ಜನ ಸೇರಿದರು ಎಂಬುದನ್ನು ಶಾಲೆಯ ಮಕ್ಕಳಿಗೆ ಇನ್ನೂ ಗಟ್ಟಿಯಾಗಿ ಹೇಳಬೇಕು. ಈ ಸಭೆಯ ನೆನಪು ದಾವಣಗೆರೆಯಲ್ಲಿಯೇ ಮಸುಕಾಗಿರುವುದು ನೋವಿನ ಸಂಗತಿ.

ವರದಿಗಾರ್ತಿ: ಪುಟ್ಟಪ್ಪನವರು ಓದಿದ್ದು ಕಾನೂನು. ಅವರು ಪತ್ರಿಕೆಯ ಕಡೆಗೆ ಹೊರಳಿದ್ದು ಹೇಗೆ?

ಮೇಷ್ಟ್ರು: ಬೆಳಗಾವಿಯಲ್ಲಿ ಕಾನೂನು ಓದಿ ಮುಂಬಯಿಗೆ ಹೋದರು, ಅಲ್ಲಿ ವಕೀಲಿಗಿಂತ ಬರವಣಿಗೆ ಅವರನ್ನು ಹೆಚ್ಚು ಸೆಳೆಯಿತು. ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಪತ್ರಿಕೋದ್ಯಮವನ್ನು ಶಾಸ್ತ್ರವಾಗಿ ಕಲಿತು ಬಂದರು. ಪತ್ರಿಕಾ ಕೆಲಸವನ್ನು ಅಚ್ಚುಕೂಟದಲ್ಲಿಯೇ ಕಲಿಯುತ್ತಿದ್ದ ಆ ದಿನಗಳಲ್ಲಿ ಕನ್ನಡದ ಮಟ್ಟಿಗೆ ಅದು ಅಪರೂಪದ ಸಂಗತಿ. 'ವಿಶಾಲ ಕರ್ನಾಟಕ', 'ನವಯುಗ' ಪತ್ರಿಕೆಗಳಲ್ಲಿ ಕೆಲಸ ಮಾಡಿದ ಮೇಲೆ 1954ರಲ್ಲಿ ಹುಬ್ಬಳ್ಳಿಯಿಂದ 'ಪ್ರಪಂಚ' ವಾರಪತ್ರಿಕೆಯನ್ನು ಆರಂಭಿಸಿದರು. ಆ ವರ್ಷವನ್ನು ಗಮನಿಸಬೇಕು. ಹಿಂದಿನ ವರ್ಷವಷ್ಟೇ ಅದರಗುಂಚಿ ಶಂಕರಗೌಡರು ಏಕೀಕರಣಕ್ಕಾಗಿ ಉಪವಾಸ ಕೂತಿದ್ದರು. 1953ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಸೇರಿದ ಪ್ರದೇಶ ಕಾಂಗ್ರೆಸ್ ಸಭೆಯ ಎದುರು ಜನರ ಸಿಟ್ಟು ಸ್ಫೋಟಿಸಿತ್ತು. ಅಕ್ಟೋಬರ್‌ನಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತ್ತು. ವರ್ಷದ ಕೊನೆಗೆ ಫಜಲ್ ಅಲಿ ಆಯೋಗ, ಅಂದರೆ ರಾಜ್ಯಗಳ ಗಡಿಗಳನ್ನು ಹೊಸದಾಗಿ ಗುರುತಿಸಲು ಕೇಂದ್ರ ಸರ್ಕಾರ ನೇಮಿಸಿದ ಮೂವರ ಸಮಿತಿ, ಕೆಲಸಕ್ಕೆ ತೊಡಗಿತ್ತು. ಊರೂರಿನಲ್ಲಿ ಜನ ತಮ್ಮ ಅಹವಾಲು ಬರೆಯುತ್ತಿದ್ದ ಆ ಹೊತ್ತಿನಲ್ಲಿ ಹೊರಟ ಪತ್ರಿಕೆಗೆ ಪಕ್ಷಪಾತವಿಲ್ಲದೆ ಪಕ್ಕಕ್ಕೆ ನಿಲ್ಲುವ ಅವಕಾಶ ಎಲ್ಲಿತ್ತು?

ವರದಿಗಾರ್ತಿ: ಆದರೆ ಅದು ದಿನಪತ್ರಿಕೆಯಲ್ಲ, ವಾರಪತ್ರಿಕೆ. ಚಳವಳಿಗೆ ದಿನದಿನದ ಸುದ್ದಿ ಬೇಕಲ್ಲವೇ?

ಮೇಷ್ಟ್ರು: ಅಲ್ಲಿಯೇ ಆ ಪತ್ರಿಕೆಯ ಶಕ್ತಿಯಿದ್ದದ್ದು, ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಆಗ ಪ್ರತಿಯೊಂದು ಸಾಲನ್ನೂ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸಬೇಕಿತ್ತು. ಕನ್ನಡದ ಕಾಗುಣಿತಕ್ಕೂ ಒತ್ತಕ್ಷರಗಳಿಗೂ ಬೇಕಾಗುವ ಮೊಳೆಗಳ ಸಂಖ್ಯೆ ಇಂಗ್ಲಿಷಿಗಿಂತ ಎಷ್ಟೋ ಪಾಲು ಹೆಚ್ಚು. ಜೋಡಿಸಿದ್ದರ ಕರಡಚ್ಚು ತೆಗೆದು, ತಿದ್ದಿ, ಮುದ್ರಿಸಿ, ಮಡಚಿ, ರಾತ್ರಿಯ ರೈಲಿಗೆ ಹಾಕುವುದು ಪ್ರತಿದಿನ ನಡೆಯಬೇಕಾದರೆ ದೊಡ್ಡ ಬಂಡವಾಳ, ಸುದ್ದಿಸಂಸ್ಥೆಗಳ ತಂತಿ, ಊರೂರಿನ ಏಜೆಂಟರು ಬೇಕು. ವಾರಪತ್ರಿಕೆ ಅಂಚೆಯಲ್ಲಿ ಎರಡು ದಿನ ತಡವಾಗಿ ತಲುಪಿದರೂ ಹಳತಾಗುವುದಿಲ್ಲ, ಏಕೆಂದರೆ ಅದು ಸುದ್ದಿಗಿಂತ ಸುದ್ದಿಯ ಅರ್ಥವನ್ನು ಕೊಡುತ್ತದೆ. ಬೆಳಗಾವಿಯಲ್ಲಿ ನಡೆದದ್ದನ್ನು ರಾಯಚೂರಿನವರೂ, ಬಳ್ಳಾರಿಯಲ್ಲಿ ನಡೆದದ್ದನ್ನು ಹರಿಹರದವರೂ ಒಂದೇ ವಾರದಲ್ಲಿ, ಒಂದೇ ಕನ್ನಡದಲ್ಲಿ ಓದಿ, ಒಂದೇ ವಿಷಯಕ್ಕೆ ಸಿಟ್ಟಾಗುವುದು ಅಥವಾ ಹಿಗ್ಗುವುದು ಸಾಧ್ಯವಾದಾಗ, ಸರ್ಕಾರಿ ನಕಾಶೆಯಲ್ಲಿ ಇಲ್ಲದ ನಾಡೊಂದು ಓದುಗರ ಮನಸ್ಸಿನಲ್ಲಿ ಮೂಡತೊಡಗುತ್ತದೆ. 1956ರ ನವೆಂಬರ್ 1ರಂದು ಆದದ್ದು ಆಡಳಿತದ ಕೂಡಿಕೆ. ಅದಕ್ಕೆ ಮುಂಚೆಯೇ ಓದುಗರ ಕೂಡಿಕೆ ನಡೆದಿತ್ತು. ಆ ಕೆಲಸವನ್ನು ಒಂದೇ ಪತ್ರಿಕೆ ಮಾಡಲಿಲ್ಲ, ನಿಜ. ಬೆಳಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬೇರು ಬಿಟ್ಟ 'ಸಂಯುಕ್ತ ಕರ್ನಾಟಕ'ವೂ, ಅದನ್ನು ಕಟ್ಟಿದ ಮೊಹರೆ ಹನುಮಂತರಾಯರೂ ಇದರಲ್ಲಿ ಹಿರಿಯರು. 'ಪ್ರಪಂಚ'ದ ವಿಶೇಷವೆಂದರೆ ಅದು ಕರ್ನಾಟಕದ ಪ್ರಶ್ನೆಯನ್ನು ಲೋಕದ ರಾಜಕಾರಣ, ಪುಸ್ತಕಗಳು, ವ್ಯಕ್ತಿಚಿತ್ರಗಳ ಜೊತೆಗೆ ಇಟ್ಟು ಓದಿಸಿತು.

ವರದಿಗಾರ್ತಿ: 1959ರಲ್ಲಿ ಅವರು 'ವಿಶ್ವವಾಣಿ' ದಿನಪತ್ರಿಕೆಯನ್ನೂ ತೆಗೆದರು. ದಿನಪತ್ರಿಕೆಗೆ ದೊಡ್ಡ ಬಂಡವಾಳ ಬೇಕು ಎಂದು ಈಗಷ್ಟೇ ಹೇಳಿದ್ದಾಯಿತು.

ಮೇಷ್ಟ್ರು: ಹೌದು, ಅಲ್ಲಿ ಈ ವೃತ್ತಿಜೀವನದ ದೌರ್ಬಲ್ಯವೂ ಕಾಣುತ್ತದೆ. ಒಬ್ಬರ ಓದು, ಒಬ್ಬರ ನೆನಪು, ಒಬ್ಬರ ನಿಷ್ಠುರ ಮಾತು ಇವುಗಳ ಮೇಲೆ ವಾರಪತ್ರಿಕೆಯೊಂದು ನಿಲ್ಲಬಹುದು. ದಿನಪತ್ರಿಕೆ ನಿಲ್ಲುವುದು ಸಂಸ್ಥೆಯ ಮೇಲೆ: ಲೆಕ್ಕ ನೋಡುವವರು, ಜಾಹೀರಾತು ತರುವವರು, ಸಂಪಾದಕರು ಊರಿನಲ್ಲಿ ಇಲ್ಲದ ದಿನವೂ ಅದೇ ಮಟ್ಟದಲ್ಲಿ ಪತ್ರಿಕೆ ಹೊರತರುವ ಉಪಸಂಪಾದಕರು. ಸಭೆ, ಪ್ರವಾಸ, ನಿಯೋಗ ಎಂದು ತಿರುಗುವ ಸಂಪಾದಕರಿಗೆ ಅಂಥ ಸಂಸ್ಥೆಯನ್ನು ಕಟ್ಟಿ ಕಾಯುವುದು ಕಷ್ಟದ ಕೆಲಸ. ಪುಟ್ಟಪ್ಪನವರ ಹೆಸರು ಅವರ ಪತ್ರಿಕೆಗಳಿಗಿಂತ ದೀರ್ಘಕಾಲ ಬಾಳಿತು. ಹಾಗಾಗಿದ್ದರಲ್ಲಿ ಕನ್ನಡಕ್ಕೆ ಲಾಭಕ್ಕಿಂತ ನಷ್ಟವೇ ಹೆಚ್ಚು ಎಂದು ಹೇಳಿದರೆ ಅವರ ಅಭಿಮಾನಿಗಳು ಒಪ್ಪಲಿಕ್ಕಿಲ್ಲ. ಆದರೂ ಆ ಮಾತನ್ನು ಹೇಳಬೇಕಾಗುತ್ತದೆ.

ವರದಿಗಾರ್ತಿ: ಇನ್ನೊಂದು ಮಾತನ್ನೂ ಹೇಳಬೇಕಾಗುತ್ತದೆ, ಮೇಷ್ಟ್ರೇ. 1962ರಿಂದ 1974ರವರೆಗೆ ಎರಡು ಅವಧಿಗೆ ಅವರು ರಾಜ್ಯಸಭೆಯ ಸದಸ್ಯರಾಗಿದ್ದರು. ಮುಂದೆ ಸರ್ಕಾರವೇ ರಚಿಸಿದ ಕನ್ನಡ ಕಾವಲು ಸಮಿತಿಯ ಅಧ್ಯಕ್ಷರಾದರು. ಸರ್ಕಾರವನ್ನು ಪ್ರಶ್ನಿಸಬೇಕಾದ ಸಂಪಾದಕರು ಸರ್ಕಾರದ ಸಮಿತಿಯಲ್ಲಿ ಕೂತರೆ ಪ್ರಶ್ನೆಯ ಮೊನೆ ಮೊಂಡಾಗುವುದಿಲ್ಲವೇ?

ಮೇಷ್ಟ್ರು: ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ರಾಜ್ಯಸಭೆಯ ವಿಷಯದಲ್ಲಿ ನಿನ್ನ ಆಕ್ಷೇಪ ನಿಲ್ಲುತ್ತದೆ: ಶಾಸನ ಮಾಡುವ ಸಭೆಯಲ್ಲಿ ಕುಳಿತವರು ಆ ಸಭೆಯನ್ನು ವಿಮರ್ಶಿಸುವ ಪತ್ರಿಕೆಯ ಒಡೆಯರೂ ಆಗಿದ್ದರೆ ಓದುಗರಿಗೆ ಅನುಮಾನ ಬರುವುದು ಸಹಜ. ಆ ಕಾಲದ ಅನೇಕ ಹಿರಿಯ ಸಂಪಾದಕರು ಅದನ್ನು ತಪ್ಪೆಂದು ಎಣಿಸಲಿಲ್ಲ. ಸ್ವಾತಂತ್ರ್ಯ ಚಳವಳಿಯಲ್ಲಿ ಪತ್ರಿಕೆ ನಡೆಸುವುದೂ ರಾಜಕಾರಣ ಮಾಡುವುದೂ ಒಂದೇ ಸೇವೆಯ ಎರಡು ಮುಖಗಳಾಗಿದ್ದ ರೂಢಿ ಆಗಿನ್ನೂ ಉಳಿದಿತ್ತು. ಆದರೆ ಕಾವಲು ಸಮಿತಿಯ ಸ್ವರೂಪ ಬೇರೆ. ರಾಜ್ಯದ ಆಡಳಿತ ಭಾಷೆ ಕನ್ನಡವೆಂದು 1963ರಲ್ಲಿಯೇ ಕಾಯ್ದೆಯಾಗಿದ್ದರೂ ಕಡತಗಳು ಇಂಗ್ಲಿಷಿನಲ್ಲಿಯೇ ನಡೆಯುತ್ತಿದ್ದವು. ಕಚೇರಿಗಳಿಗೆ ಹೋಗಿ, ಆದೇಶ ಜಾರಿಯಾಗಿದೆಯೇ ಎಂದು ನೋಡಿ, ಆಗದಿದ್ದರೆ ಹೊರಗೆ ಹೇಳುವುದು ಆ ಸಮಿತಿಯ ಕೆಲಸ. ಪ್ರತ್ಯಕ್ಷ ನೋಡುವುದು, ಕೇಳುವುದು, ಬಹಿರಂಗಪಡಿಸುವುದು, ಇವೆಲ್ಲ ವರದಿಗಾರರ ಕೆಲಸಗಳೇ. ಪತ್ರಿಕೆಯಲ್ಲಿ ಕಲಿತ ವಿದ್ಯೆಯನ್ನು ಅವರು ಸರ್ಕಾರದ ಒಳಕ್ಕೆ ಒಯ್ದರು. ಆ ಸಮಿತಿಯೇ ಮುಂದೆ ಕನ್ನಡ ಅಭಿವೃದ್ಧಿ ಪ್ರಾಧಿಕಾರವಾಗಿ ಬೆಳೆಯಿತು.

ವರದಿಗಾರ್ತಿ: ಗೋಕಾಕ್ ಚಳವಳಿಯಲ್ಲಿ ಅವರ ಪಾತ್ರವನ್ನು ಎಲ್ಲರೂ ಹೇಳುತ್ತಾರೆ. ಹೊಸ ತಲೆಮಾರಿಗೆ ಆ ಚಳವಳಿ ಎಂದರೆ ಡಾ. ರಾಜ್‌ಕುಮಾರ್ ಅವರ ಮೆರವಣಿಗೆಯ ಚಿತ್ರ ಮಾತ್ರ.

ಮೇಷ್ಟ್ರು: ರಾಜ್‌ಕುಮಾರ್ 1982ರಲ್ಲಿ ಧುಮುಕಿದ ಮೇಲೆ ಅದು ಜನಸಾಗರವಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಿಚ್ಚು ಅದಕ್ಕೆ ಮೊದಲೇ ಧಾರವಾಡದಲ್ಲಿ ಹೊತ್ತಿತ್ತು. ಪ್ರೌಢಶಾಲೆಯಲ್ಲಿ ಮಕ್ಕಳು ಪ್ರಥಮ ಭಾಷೆಯಾಗಿ, ಅಂದರೆ ಹೆಚ್ಚಿನ ಅಂಕಗಳಿರುವ ಮುಖ್ಯ ಭಾಷೆಯಾಗಿ, ಯಾವುದನ್ನು ಓದಬೇಕು ಎಂಬ ಪ್ರಶ್ನೆಗೆ ವಿ.ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿ ಕನ್ನಡವೇ ಆಗಬೇಕೆಂದು 1981ರಲ್ಲಿ ವರದಿ ಕೊಟ್ಟಿತು. ವರದಿ ಜಾರಿಯಾಗದೆ ಉಳಿದಾಗ ಸಾಹಿತಿಗಳು, ಅಧ್ಯಾಪಕರು ಬೀದಿಗಿಳಿದರು. ಸುಮಾರು ಐದು ದಶಕಗಳ ಕಾಲ ವಿದ್ಯಾವರ್ಧಕ ಸಂಘದ ಅಧ್ಯಕ್ಷರಾಗಿದ್ದ ಪುಟ್ಟಪ್ಪನವರು ಆ ಹೋರಾಟದ ಮುಂಚೂಣಿಯಲ್ಲಿದ್ದರು. ಸಂಘದ ಕಟ್ಟಡ ಸಭೆಗೆ ಜಾಗ ಕೊಟ್ಟಿತು, ಪತ್ರಿಕೆಯ ಬಳಕೆ ಮಾತಿಗೆ ಹದ ಕೊಟ್ಟಿತು. ಶಿಕ್ಷಣ ಮಾಧ್ಯಮದ ಮಟ್ಟಿಗೆ ಕಥೆ ಸೋಲಿನಲ್ಲಿ ಮುಗಿದಂತಿದೆ: 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಇಳಿವಯಸ್ಸಿನಲ್ಲಿ ಅದನ್ನು ಕಂಡ ಹೋರಾಟಗಾರರು ಎಷ್ಟು ನೊಂದಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ವರದಿಗಾರ್ತಿ: ಭಾಷೆಗಾಗಿ ಇಷ್ಟು ನಡೆಯಿತು. ಆದರೆ ಗುತ್ತೂರಿನಲ್ಲಿ ನಿಂತು ನೋಡುವವರಿಗೆ ಹೊಳೆಯೇ ಮೊದಲು ಕಾಣುತ್ತದೆ, ಮೇಷ್ಟ್ರೇ. ಎರಡು ದಡಗಳೂ ಒಂದೇ ರಾಜ್ಯಕ್ಕೆ ಸೇರಿ ಎರಡು ದಶಕವಾಗುವುದರೊಳಗೆ ಆಚೆ ದಡದ ಕುಮಾರಪಟ್ಟಣದಲ್ಲಿ ಮರದಿಂದ ರೇಯಾನ್ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಬಂತು. ತ್ಯಾಜ್ಯನೀರಿನಿಂದ ಮೀನು ಸತ್ತವೆಂದು, ಕೆಳಗಿನ ಊರುಗಳ ಬಾಳು ಕೆಟ್ಟಿತೆಂದು 1980ರ ದಶಕದಲ್ಲಿ ಜನ ಎದ್ದರು. ಆ ಹೋರಾಟವನ್ನು ಕಟ್ಟಿದವರು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದವರೇ ಹೊರತು ಕನ್ನಡದ ದೊಡ್ಡ ಸಂಪಾದಕರಲ್ಲ. ಏಕೀಕರಣದ ಪೀಳಿಗೆಯ ಕಣ್ಣು ಗಡಿಯ ಮೇಲಿತ್ತು, ನೀರಿನ ಮೇಲಿರಲಿಲ್ಲ ಎಂದು ಹೇಳಿದರೆ ತಪ್ಪಾಗುತ್ತದೆಯೇ?

ಮೇಷ್ಟ್ರು: ತಪ್ಪಾಗುವುದಿಲ್ಲ. ಅದೇ ಕಾರ್ಖಾನೆಗೆ ನೀಲಗಿರಿ ಬೆಳೆಯಲು ಸರ್ಕಾರ ಮತ್ತು ಕಂಪನಿ ಸೇರಿ ಕಟ್ಟಿದ ಸಂಸ್ಥೆಗೆ ಊರೊಟ್ಟಿನ ಭೂಮಿ, ಅಂದರೆ ದನ ಮೇಯಿಸಲು, ಸೌದೆ ತರಲು ಊರವರೆಲ್ಲ ಬಳಸುವ ಭೂಮಿ, ಸಾವಿರಾರು ಎಕರೆ ಹೋಗಲಿದ್ದಾಗ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಎಂಬ ಆ ಸತ್ಯಾಗ್ರಹ ಪುಟ್ಟಪ್ಪನವರ ಹಾವೇರಿ ಸೀಮೆಯಲ್ಲಿಯೇ ನಡೆಯಿತು. ನ್ಯಾಯಾಲಯದ ಮೊರೆ ಹೋದವರಲ್ಲಿ ಶಿವರಾಮ ಕಾರಂತರೂ ಇದ್ದರು. ನಾಡು ಕಟ್ಟುವ ಹಂಬಲವಿದ್ದ ಪೀಳಿಗೆಗೆ ಕಾರ್ಖಾನೆಯೂ ನಾಡಿನ ಏಳಿಗೆಯ ಗುರುತಾಗಿ ಕಂಡಿತ್ತು. ಹರಿಹರದವರಿಗೂ 1941ರಲ್ಲಿ ಬಂದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹಾಗೆಯೇ ಹೆಮ್ಮೆಯ ವಿಷಯವಾಗಿತ್ತು, ಅದು ಮುಚ್ಚಿದಾಗ ಆದ ನೋವು ಇನ್ನೂ ಆರಿಲ್ಲ. ಆದ್ದರಿಂದ ಆ ಪೀಳಿಗೆಯನ್ನು ದೂಷಿಸುವುದಕ್ಕಿಂತ, ಅವರು ಗಡಿಗಾಗಿ ಬಳಸಿದ ದಾರಿಯನ್ನು ನೀರಿಗಾಗಿ ಬಳಸುವುದು ಹೇಗೆ ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ. ವಿಷಯವನ್ನು ಹಿಡಿದರೆ ಬಿಡದೆ ವಾರವಾರವೂ ಅದಕ್ಕೆ ಮರಳುವುದು, ಮಂತ್ರಿ ಬದಲಾದರೂ ಪ್ರಶ್ನೆಯನ್ನು ಬದಲಾಯಿಸದಿರುವುದು ಆ ದಾರಿ. ಗಡಿಯ ವಿಚಾರವನ್ನೇ ನೋಡು: 1967ರಲ್ಲಿ ಮಹಾಜನ ಆಯೋಗ, ಅಂದರೆ ರಾಜ್ಯಗಳ ನಡುವಿನ ಗಡಿ ತಕರಾರನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ನೇಮಿಸಿದ ಆಯೋಗ, ಬೆಳಗಾವಿ ಕರ್ನಾಟಕದಲ್ಲಿಯೇ ಉಳಿಯಬೇಕು, ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎಂದಿತು. 2003ರಲ್ಲಿ ಅದೇ ಬೆಳಗಾವಿಯಲ್ಲಿ ಎಪ್ಪತ್ತನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪುಟ್ಟಪ್ಪನವರು ಅಧ್ಯಕ್ಷರಾದರು. ನಡುವೆ ಮೂವತ್ತಾರು ವರ್ಷ ಕಳೆದಿದ್ದವು, ಅವರ ಬಾಯಲ್ಲಿ ಗಡಿಯ ಮಾತು ಹಳೆಯದಾಗಿರಲಿಲ್ಲ.

ವರದಿಗಾರ್ತಿ: ಹಿಡಿದದ್ದನ್ನು ಬಿಡದಿರಲು ಪತ್ರಿಕೆ ಉಸಿರಾಡುತ್ತಿರಬೇಕು. ಜಿಲ್ಲಾ ಮಟ್ಟದ ಪತ್ರಿಕೆ ಬದುಕುವುದು ಸರ್ಕಾರಿ ಜಾಹೀರಾತು, ಹುಟ್ಟುಹಬ್ಬದ ಶುಭಾಶಯ, ಶ್ರದ್ಧಾಂಜಲಿ, ಶಾಲಾ ಕಾಲೇಜುಗಳ ಪ್ರಕಟಣೆಗಳಿಂದ. ಲಂಕೇಶರು 1980ರಲ್ಲಿ 'ಲಂಕೇಶ್ ಪತ್ರಿಕೆ' ಆರಂಭಿಸಿ ಜಾಹೀರಾತೇ ಬೇಡ ಎಂದರು; ಓದುಗರು ಕೊಟ್ಟ ದುಡ್ಡಿನಿಂದಲೇ ಅದು ನಡೆಯಿತು. ಅದು ರಾಜ್ಯಕ್ಕೆಲ್ಲ ಹೋಗುತ್ತಿದ್ದ ವಾರಪತ್ರಿಕೆ. ಒಂದು ಜಿಲ್ಲೆಯ ಓದುಗರನ್ನು ನಂಬಿ ಹಾಗೆ ಮಾಡಲಾಗುವುದೇ?

ಮೇಷ್ಟ್ರು: ಹಾಗೆಯೇ ಮಾಡಲಾಗದು. ಆದರೆ ಪ್ರಾದೇಶಿಕ ಪತ್ರಿಕೆಗೆ ಇರುವ ಒಂದು ಬಲ ರಾಜಧಾನಿಯ ಪತ್ರಿಕೆಗೆ ಇಲ್ಲ. ಬೆಂಗಳೂರಿನ ಸಂಪಾದಕರು ತಪ್ಪು ಬರೆದರೆ ಹರಿಹರದ ಓದುಗರು ಪತ್ರ ಬರೆದು ಕಾಯಬೇಕು. ದಾವಣಗೆರೆಯ ಸಂಪಾದಕರು ತಪ್ಪು ಬರೆದರೆ ಬೆಳಗ್ಗೆ ಬೆಣ್ಣೆದೋಸೆ ಹೋಟೆಲಿನಲ್ಲಿಯೇ ಸಿಕ್ಕಿಬೀಳುತ್ತಾರೆ. ಪುಟ್ಟಪ್ಪನವರು ಹುಬ್ಬಳ್ಳಿ ಬಿಡಲಿಲ್ಲ ಎಂಬುದನ್ನು ಅವರ ಪ್ರಶಸ್ತಿಗಳಿಗಿಂತ ಹೆಚ್ಚು ಗೌರವದಿಂದ ನೋಡಬೇಕು. ದೆಹಲಿಯಲ್ಲಿ ಹನ್ನೆರಡು ವರ್ಷ ಸಂಸದರಾಗಿದ್ದವರಿಗೆ ಅಲ್ಲಿಯೋ ಬೆಂಗಳೂರಿನಲ್ಲಿಯೋ ನೆಲೆಸುವುದು ಸುಲಭವಿತ್ತು. ರೈಲ್ವೆಯ ನೈರುತ್ಯ ವಲಯದ ಕೇಂದ್ರ ಹುಬ್ಬಳ್ಳಿಗೆ ಬರಬೇಕೆಂಬ ಒತ್ತಾಯ 2003ರಲ್ಲಿ ಫಲಿಸಿತು. ಹೈಕೋರ್ಟಿನ ಸಂಚಾರಿ ಪೀಠ 2008ರಲ್ಲಿ ಧಾರವಾಡಕ್ಕೆ ಬಂದು 2013ರಲ್ಲಿ ಕಾಯಂ ಆಯಿತು. ಉತ್ತರ ಕರ್ನಾಟಕದ ಇಂಥ ಬೇಡಿಕೆಗಳ ಹಿಂದೆ ಊರಲ್ಲೇ ಉಳಿದ ಹಿರಿಯರ ದನಿ ಇರುತ್ತಿತ್ತು. ದೂರದಲ್ಲಿ ಕೂತು ಊರಿನ ಪರವಾಗಿ ಮಾತಾಡುವವರಿಗೂ ಊರಲ್ಲಿದ್ದು ಮಾತಾಡುವವರಿಗೂ ಜನ ಕೊಡುವ ಬೆಲೆ ಒಂದೇ ಅಲ್ಲ.

ವರದಿಗಾರ್ತಿ: ಹತ್ತಿರವಿರುವುದು ಒತ್ತಡವೂ ಹೌದು. ಯಾರ ವಿರುದ್ಧ ಬರೆಯಬೇಕೋ ಅವರ ಮನೆ ಮದುವೆಗೂ ಹೋಗಬೇಕಾಗುತ್ತದೆ.

ಮೇಷ್ಟ್ರು: ಹೋಗಲಿ, ಹೋಗಿ ಉಂಡು ಬಂದು ಮರುದಿನ ಸತ್ಯವನ್ನೇ ಬರೆಯಲಿ. ಅದು ಕಠಿಣವೆಂಬುದರಲ್ಲಿ ಸಂದೇಹವಿಲ್ಲ. ಈಗ ಮೊದಲ ಪ್ರಶ್ನೆಗೆ ಬರಬಹುದು: ವೇದಿಕೆಯಲ್ಲಿ ಕೂತವರು ಬರೆದರೆ ಅದು ಪತ್ರಿಕಾಧರ್ಮವೇ ಎಂದು ನೀನು ಕೇಳಿದ್ದೆ. ತಾವು ವೇದಿಕೆಯಲ್ಲಿ ಇದ್ದುದನ್ನು ಓದುಗರಿಂದ ಮುಚ್ಚಿಟ್ಟು ಬರೆದರೆ ಅಲ್ಲ. ಪುಟ್ಟಪ್ಪನವರು ಯಾರ ಪಕ್ಷ, ಯಾವುದರ ಪಕ್ಷ ಎಂಬುದು 'ಪ್ರಪಂಚ' ಓದುತ್ತಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಅದನ್ನು ತಿಳಿದೇ ಓದುತ್ತಿದ್ದರು, ತಿಳಿದೇ ಜಗಳವಾಡುತ್ತಿದ್ದರು. ನಿಷ್ಪಕ್ಷಪಾತದ ಮುಖವಾಡ ಹಾಕಿ ಒಳಗೊಳಗೇ ಹಣ ಪಡೆದು ಸುದ್ದಿ ಹಾಕುವುದಕ್ಕಿಂತ ಬಹಿರಂಗವಾದ ನಿಷ್ಠೆ ಎಷ್ಟೋ ಶುದ್ಧ. ಹಾಗಿದ್ದರೂ ಹೋರಾಟದ ಒಳಗಿನ ತಪ್ಪುಗಳನ್ನು ಹೋರಾಟಗಾರರೇ ಬರೆಯುವುದು ಕಷ್ಟ. ಅದಕ್ಕೆ ವೇದಿಕೆಯ ಕೆಳಗೆ ನಿಂತ ವರದಿಗಾರರು ಬೇಕೇ ಬೇಕು. ಒಂದು ನಾಡಿಗೆ ಎರಡೂ ಬಗೆಯವರು ಬೇಕಾಗುತ್ತಾರೆ, ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡಲಾಗುವುದಿಲ್ಲ.

ವರದಿಗಾರ್ತಿ: ಅವರು 2020ರ ಮಾರ್ಚ್ 16ರಂದು, ನೂರರ ಆಸುಪಾಸಿನ ವಯಸ್ಸಿನಲ್ಲಿ ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಹತ್ತು ದಿನ ಕಳೆಯುವುದರೊಳಗೆ ದೇಶವೇ ಲಾಕ್‌ಡೌನ್ ಆಯಿತು. ಪತ್ರಿಕೆಗಳ ಪುಟಗಳೆಲ್ಲ ಕೊರೊನಾ ಸುದ್ದಿಗೆ ಹೋದವು. ಅವರ ಬಗ್ಗೆ ಬರೆಯಬೇಕಾದಷ್ಟು ಬರೆದಂತೆ ಕಾಣುವುದಿಲ್ಲ. ಈಗ ಬರೆಯಲು ಹೊರಟವರು ಎಲ್ಲಿಂದ ಆರಂಭಿಸಬೇಕು?

ಮೇಷ್ಟ್ರು: ಅವರ ಬಗ್ಗೆ ಬಂದ ಅಭಿನಂದನಾ ಗ್ರಂಥಗಳಿಂದಲ್ಲ, ಅವರ ಪತ್ರಿಕೆಯ ಹಳೆಯ ಸಂಚಿಕೆಗಳಿಂದ ಆರಂಭಿಸಬೇಕು. ಪತ್ರಿಕೆಯ ಕಾಗದ ಅಗ್ಗದ ಮರದ ತಿರುಳಿನಿಂದ ಮಾಡಿದ್ದು. ಅದರಲ್ಲಿ ಉಳಿಯುವ ಆಮ್ಲದಿಂದ ಕೆಲವೇ ದಶಕಗಳಲ್ಲಿ ಹಳದಿಯಾಗಿ, ಮಡಿಕೆಯಲ್ಲಿ ಮುರಿದು ಪುಡಿಯಾಗುತ್ತದೆ. 1954ರ ಸಂಚಿಕೆಗೆ ಈಗ ಎಪ್ಪತ್ತು ವರ್ಷ ದಾಟಿದೆ. ಹುಬ್ಬಳ್ಳಿ, ಧಾರವಾಡಗಳಲ್ಲಿ ಹುಡುಕುವಂತೆಯೇ ಈಚೆ ದಡದಲ್ಲಿಯೂ ಹುಡುಕಬೇಕು: ದಾವಣಗೆರೆಯ ಹಳೆಯ ವರ್ತಕರ ಮನೆಗಳ ಅಟ್ಟ, ಹರಿಹರದ ವಾಚನಾಲಯ, ಚಂದಾದಾರರಾಗಿದ್ದ ಮೇಷ್ಟ್ರುಗಳ ಪೆಟ್ಟಿಗೆ. ಸಿಕ್ಕ ಸಂಚಿಕೆಯನ್ನು ಸಮತಟ್ಟಾದ ಹಲಗೆಯ ಮೇಲಿಟ್ಟು ಬಿಚ್ಚಿ, ಪ್ರತಿ ಪುಟದ ಚಿತ್ರ ತೆಗೆದು, ಸಂಪುಟ, ಸಂಚಿಕೆ, ದಿನಾಂಕ ಬರೆದಿಡಬೇಕು. ಏಕೀಕರಣದ ವಾರಗಳಲ್ಲಿ ಆಚೆ ದಡದ ಸಂಪಾದಕರು ಈಚೆ ದಡದವರಿಗೆ ಏನು ಹೇಳಿದರು, ಈಚೆಯವರು ಓದುಗರ ಪತ್ರದಲ್ಲಿ ಏನು ಉತ್ತರ ಕೊಟ್ಟರು ಎಂಬುದು ಆ ಪುಟಗಳನ್ನು ಓದಿದ ಮೇಲೆಯೇ ತಿಳಿಯುತ್ತದೆ.

ವರದಿಗಾರ್ತಿ: ಹಾಗಾದರೆ ಮೊದಲು ಗುತ್ತೂರಿನ ಮನೆಗಳಲ್ಲಿ ಕೇಳಿ ನೋಡಬೇಕು.

ಮೇಷ್ಟ್ರು: ಕೇಳಮ್ಮ. ಮಳೆಗಾಲಕ್ಕೆ ಮೊದಲು ಕೇಳು, ಅಟ್ಟಗಳು ಸ್ವಚ್ಛವಾಗುವುದು ಆಗಲೇ. ಹಳೆಯ ಕಾಗದ ತೂಕಕ್ಕೆ ಹೋಗುವುದೂ ಆಗಲೇ.